ಅವ್ವ ಎನ್ನುವುದು ಯಾರಿಗೆ?

ಪ್ರಶ್ನೆ: ನಾನು ಬರೆಯುತ್ತಿರುವ ಕಿರುಕಾದಂಬರಿಯ ನಾಯಕ ಆಳಂದ ತಾಲ್ಲೂಕಿನ ಹಳ್ಳಿಯವನು, ಹತ್ತನೆಯ ತರಗತಿಯ ಹುಡುಗ. ಇಷ್ಟು ವರ್ಷ ಚಿಗವ್ವ ಎಂದು ಕರೆದವಳೇ ತನ್ನನ್ನು ಹೆತ್ತವಳೆಂದೂ, ಅಪ್ಪ-ಅವ್ವ ಎಂದುಕೊಂಡವರು ತನ್ನನ್ನು ದತ್ತಕ ಪಡೆದ ದೊಡ್ಡಪ್ಪ-ದೊಡ್ಡವ್ವ ಎಂದೂ ದತ್ತಕಪತ್ರವೊಂದರಿಂದ ಅವನಿಗೆ ತಿಳಿಯುತ್ತದೆ. ಕೋಪಿಷ್ಠ, ಒಂಟಿ, ಸೂಕ್ಷ್ಮ, ಹಟಮಾರಿ ಎಂದು ಅವನ ಸ್ವಭಾವವನ್ನು ಗುರುತು ಹಾಕಿಕೊಂಡಿದ್ದೇನೆ. ಸಿಟ್ಟಿನಲ್ಲಿ ಅವನು ಹೆತ್ತವರ ಮನೆಗೆ ಮಗನಾಗಿ ಮರಳುತ್ತಾನೆ. ಆದರೂ ಹುಡುಗ ಕಣ್ಣಿಗೆ ಕಟ್ಟುವುದಿಲ್ಲ ಎನ್ನುತ್ತಾರೆ ಗೆಳೆಯರು. ಏನು ಮಾಡಲಿ?
– ಓದುಗರೊಬ್ಬರು, ಕಲಬುರಗಿ

ಉತ್ತರ: ನಿಮ್ಮ ಗೆಳೆಯರ ಮಾತು ಸರಿಯಾಗಿದೆ. ಆ ನಾಲ್ಕು ವಿಶೇಷಣಗಳು ಹದಿನೈದರ ಯಾವ ಹುಡುಗನಿಗಾದರೂ ಒಪ್ಪುತ್ತವೆ. ಸುದ್ದಿ ತಿಳಿಯುವ ಮೊದಲೇ ಅವನಿಗೊಂದು ಸ್ವಭಾವವಿತ್ತಲ್ಲ, ಅದನ್ನು ಮೊದಲು ಬರೆಯಿರಿ. ಅಪ್ಪನ ಜೊತೆ ತೊಗರಿ ಮಾರಲು ಅಡತಿ ಅಂಗಡಿಗೆ ಹೋದಾಗ ತೂಕದ ಚೀಟಿಯನ್ನು ಎರಡೆರಡು ಸಲ ಕೂಡಿಸಿ ನೋಡುವ ಹುಡುಗನಾಗಿದ್ದರೆ, ಸುದ್ದಿ ತಿಳಿದ ರಾತ್ರಿ ಅವನು ಚೀರಾಡುವುದಿಲ್ಲ. ಸೈಕಲ್ ಕೊಡಿಸಿದವರು ಯಾರು, ಜ್ವರ ಬಂದಾಗ ದವಾಖಾನೆಯಲ್ಲಿ ಪಕ್ಕಕ್ಕೆ ಕುಳಿತವರು ಯಾರು ಎಂದು ಲೆಕ್ಕ ಹಾಕುತ್ತ ಎಚ್ಚರವಾಗಿರುತ್ತಾನೆ.

ಇನ್ನೊಂದು ಅನುಕೂಲ ನಮ್ಮ ಭಾಷೆಯಲ್ಲೇ ಇದೆ, ಅದನ್ನು ನೀವು ಬಳಸಿಕೊಂಡಿಲ್ಲ. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿದ ಮೇಲೆ ಮನೆಮಂದಿಯೆಲ್ಲ ಸಜ್ಜೆ ರೊಟ್ಟಿ, ಭಜ್ಜಿಗೆ ಕುಳಿತಿದ್ದಾರೆ ಎಂದಿಟ್ಟುಕೊಳ್ಳಿ. ಹೋದ ವರ್ಷ ಇದೇ ಹೊತ್ತಿನಲ್ಲಿ "ಚಿಗವ್ವಾ, ಇನ್ನೊಂದೀಟು ಭಜ್ಜಿ ಹಾಕು" ಎಂದಿದ್ದವನು ಈ ವರ್ಷ ತಾಟು ಮುಂದೆ ಸರಿಸಿ "ಇನ್ನೊಂದೀಟು ಹಾಕ್ರಿ" ಎನ್ನುತ್ತಾನೆ. ಕರೆಯುವ ಹೆಸರು ಬಿದ್ದುಹೋಗಿದೆ, ಏಕವಚನ ಹೋಗಿ ಬಹುವಚನ ಬಂದಿದೆ, ಬಡಿಸುವವಳ ಕೈ ಒಂದು ಕ್ಷಣ ನಿಲ್ಲುತ್ತದೆ. ಅಷ್ಟು ಬರೆದ ಮೇಲೆ ಅವನು ಸೂಕ್ಷ್ಮ ಮನಸ್ಸಿನವನೆಂದು ನೀವು ಬೇರೆ ಹೇಳಬೇಕಾಗಿಲ್ಲ.

ಕಥೆಯ ತಿರುವಿಗೆ ಬಂದರೆ, ಹಿಂದೂ ಕುಟುಂಬವಾದ್ದರಿಂದ ಇಲ್ಲಿ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಅನ್ವಯಿಸುತ್ತದೆ. ಮಗುವನ್ನು ಕೊಡುವ-ತೆಗೆದುಕೊಳ್ಳುವ ಕ್ರಿಯೆ ನಡೆದಿರಬೇಕು. ಪತ್ರದ ನೋಂದಣಿ ಕಡ್ಡಾಯವಲ್ಲ. ಆದ್ದರಿಂದ ಆ ದತ್ತಕಪತ್ರವನ್ನೇ ತೆಗೆದುಹಾಕಿ, ಸತ್ಯವು ಸೋದರತ್ತೆಯೊಬ್ಬಳ ಬಾಯಿತಪ್ಪಿ ಬರುವಂತೆ ಮಾಡಬಹುದು. ಮನೆಯ ಗುಟ್ಟು ಪೆಟ್ಟಿಗೆಯಿಂದ ಹೊರಬರುವುದಕ್ಕಿಂತ ಮದುವೆ ಮನೆಯಲ್ಲಿ ಹೊರಬೀಳುವುದೇ ಹೆಚ್ಚು ಎಂಬುದು ನನ್ನ ಅನುಭವ. ಇನ್ನು, ಕ್ರಮಬದ್ಧವಾಗಿ ನಡೆದ ದತ್ತಕವನ್ನು ತಂದೆತಾಯಿ ರದ್ದುಮಾಡಲಾಗದು, ಮಗನೂ ಅದನ್ನು ಬಿಟ್ಟು ಹುಟ್ಟಿದ ಮನೆಗೆ ಮರಳಲಾಗದು. ಸಿಟ್ಟಿನಲ್ಲಿ ಚೀಲ ಹೆಗಲಿಗೇರಿಸಿ ಅಂಗಳ ದಾಟಿ ಹೋದವನಿಗೆ ಊಟ ಸಿಗುತ್ತದೆ, ಹಾಸಿಗೆಯೂ ಸಿಗುತ್ತದೆ. ಮಗನ ಸ್ಥಾನ ಮಾತ್ರ ಸಿಗುವುದಿಲ್ಲ. ನಿಮ್ಮ ಕೊನೆಯ ಅಧ್ಯಾಯ ಇಲ್ಲಿ ಬದಲಾಗಬೇಕಾಗುತ್ತದೆ.

ಹದಿಹರೆಯದ ಈ ಗೊಂದಲಕ್ಕೆ ಅಸ್ಮಿತೆಯ ಬಿಕ್ಕಟ್ಟು ಎಂಬ ಹೆಸರು ಕೊಟ್ಟ ಮನೋವಿಜ್ಞಾನಿ ಎರಿಕ್ ಎರಿಕ್‌ಸನ್‌ಗೆ (1902–1994) ತನ್ನ ಹುಟ್ಟುತಂದೆ ಯಾರೆಂಬುದು ತಿಳಿದಿರಲಿಲ್ಲ. ಮಲತಂದೆಯ ಹೆಸರಿನಲ್ಲಿ ಬೆಳೆದ ಆತ ಅಮೆರಿಕದ ಪೌರನಾದಾಗ ಎರಿಕ್‌ಸನ್ ಎಂಬ ಅಡ್ಡಹೆಸರನ್ನು ತಾನೇ ಆರಿಸಿಕೊಂಡ. ನಿಮ್ಮ ಹುಡುಗನಿಗೆ ಅಷ್ಟು ಸ್ವಾತಂತ್ರ್ಯವಿಲ್ಲ. ಬೆಳಗಾದರೆ ಒಂದೇ ಅಂಗಳದಲ್ಲಿ ಇಬ್ಬರು ತಾಯಂದಿರು ಎದುರಾಗುತ್ತಾರೆ. ಅಂದಹಾಗೆ, ಚಿಗವ್ವನ ಸ್ವಭಾವದ ಬಗ್ಗೆ ನೀವು ಒಂದು ಸಾಲನ್ನೂ ಬರೆದಿಲ್ಲ. ಹದಿನೈದು ವರ್ಷ ಹೆತ್ತ ಮಗನಿಂದ ಚಿಗವ್ವ ಎನ್ನಿಸಿಕೊಂಡವಳು ಅವಳು. ಮೊದಲು ಅವಳ ಅಧ್ಯಾಯ ಬರೆಯಿರಿ.