14 ಬೆಡ್‌ಗೂ ಒಂದೇ ಉಸಿರು

ಪ್ರಶ್ನೆ: ಮೇಡಂ, ನಾನು ಮೈಸೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ನಾಲ್ಕನೇ ಸೆಮಿಸ್ಟರ್ ಓದುತ್ತಿದ್ದೇನೆ. ಊರು ಪಾಂಡವಪುರದ ಹತ್ತಿರ. ಅಪ್ಪ ಕಬ್ಬು ಬೆಳೆಯುತ್ತಾರೆ. ಅಮ್ಮನ ಸರ ಅಡವಿಟ್ಟು ನನ್ನ ಫೀಸು ಕಟ್ಟಿದರು. ಮೂರು ವಾರದ ಹಿಂದೆ ಸರ್ಜಿಕಲ್ ವಾರ್ಡಿನಲ್ಲಿ ಮಧ್ಯಾಹ್ನದ ಡ್ಯೂಟಿ ಇತ್ತು. ರೌಂಡ್ಸ್‌ಗೆ ಅರ್ಧ ಗಂಟೆ ಇರುವಾಗ ಸಿಸ್ಟರ್ ಬಂದು 14 ಬೆಡ್‌ಗಳ ವೈಟಲ್ಸ್ ನೋಡಿ ಬರೆದಿಡು ಅಂದರು. ಟೆಂಪರೇಚರ್, ಪಲ್ಸ್, ಬಿ.ಪಿ. ಹೇಗೋ ಮುಗಿಸಿದೆ. ಉಸಿರು ಎಣಿಸಲಿಲ್ಲ. ಎಲ್ಲರಿಗೂ ‘20’ ಅಂತ ಬರೆದೆ. ಸೀನಿಯರ್‌ಗಳೂ ಹಾಗೇ ಮಾಡೋದು. ಒಂದು ಗಂಟೆಯೊಳಗೆ 9ನೇ ಬೆಡ್‌ನ ಅಜ್ಜನಿಗೆ ತುಂಬಾ ಏದುಸಿರು ಬಂತು. ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ಅಂತ ಸೇರಿದ್ದವರು. ಡಾಕ್ಟರ್ ಎಣಿಸಿದಾಗ 34. ಸೋಂಕು ರಕ್ತಕ್ಕೆ ಹೋಗಿದೆ ಅಂತ ಐಸಿಯುಗೆ ಕಳಿಸಿದರು. ಐದು ದಿನದ ಮೇಲೆ ವಾಪಸ್ ಬಂದರು. ಈಗಲೂ ಅದೇ ವಾರ್ಡಿನಲ್ಲಿದ್ದಾರೆ. ನನ್ನ ನೋಡಿದರೆ ‘ಊಟ ಆಯ್ತಾ ಮಗ’ ಅಂತಾರೆ. ಯಾರೂ ನನ್ನ ಕೇಳಿಲ್ಲ. ರೂಮ್‌ಮೇಟ್ ಸುಮ್ನಿರು ಅಂತಾಳೆ. ರಾತ್ರಿ ನಿದ್ದೆ ಬರುತ್ತಿಲ್ಲ. ಹುಷಾರಿಲ್ಲ ಅಂತ ನಾಲ್ಕು ದಿನ ಡ್ಯೂಟಿಗೂ ಹೋಗಲಿಲ್ಲ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ ಅನ್ನಿಸುತ್ತಿದೆ. ಕೋರ್ಸ್ ಬಿಟ್ಟುಬಿಡಲಾ?

ಉತ್ತರ: ಮಗಳೇ, ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಕೋರ್ಸ್ ಬಿಡಬೇಡ. ಆದರೆ ಸುಮ್ಮನೂ ಇರಬೇಡ. ಹೋಗಿ ನಿಮ್ಮ ಕ್ಲಿನಿಕಲ್ ಇನ್‌ಸ್ಟ್ರಕ್ಟರ್‌ಗೆ, ಅಂದರೆ ವಾರ್ಡಿನಲ್ಲಿ ನಿಮಗೆ ಕೆಲಸ ಕಲಿಸುವ ಮೇಡಂಗೆ, ಹೇಳು.

ನಿನ್ನಿಂದ ಏನೂ ಆಗಲಿಲ್ಲ ಅಂತ ಸಮಾಧಾನ ಮಾಡಲು ನನಗೆ ಮನಸ್ಸು ಬರುತ್ತಿಲ್ಲ. ಆ ಒಂದು ಗಂಟೆ ಅಜ್ಜನ ಪಾಲಿಗೆ ದೊಡ್ಡದಿತ್ತೋ ಇಲ್ಲವೋ, ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನೀನು ಚಾರ್ಟ್ ಬರೆಯುವಾಗಲೇ ಅವರ ಉಸಿರು ಜೋರಾಗಿತ್ತೇ ಅನ್ನುವುದೂ ಗೊತ್ತಿಲ್ಲ. ನೀನು ಎಣಿಸಿರಲಿಲ್ಲವಲ್ಲ. ಚುಚ್ಚುತ್ತಿರೋದು ಇದೇ ಅಲ್ವಾ? ಅದು ಚುಚ್ಚಬೇಕಾದದ್ದೇ.

ಉಸಿರಿನ ವಿಷಯ ಸ್ವಲ್ಪ ಹೇಳಲೇಬೇಕು. ವಾರ್ಡಿನಲ್ಲಿ ಎಲ್ಲರೂ ಅಸಡ್ಡೆ ಮಾಡುವುದು ಅದನ್ನೇ. ಟೆಂಪರೇಚರ್‌ಗೆ ಥರ್ಮಾಮೀಟರ್ ಇದೆ, ಬಿ.ಪಿ.ಗೆ ಪಟ್ಟಿ ಇದೆ. ಉಸಿರಿಗೆ ನಮ್ಮ ಕಣ್ಣು, ಒಂದು ಗಡಿಯಾರ, ಪೂರ್ತಿ ಒಂದು ನಿಮಿಷ, ಇಷ್ಟೇ. ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20 ಸರಿಯಾದ ಲೆಕ್ಕ. ಅದಕ್ಕೇ ‘20’ ಅಂತ ಬರೆದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸೋಂಕು ರಕ್ತಕ್ಕೆ ಇಳಿದಾಗ ಮೈಯಲ್ಲಿ ಆಮ್ಲ ಜಾಸ್ತಿಯಾಗುತ್ತದೆ. ಅದನ್ನು ಹೊರಹಾಕಲು ದೇಹ ಬೇಗ ಬೇಗ ಉಸಿರಾಡುತ್ತದೆ. ಎಷ್ಟೋ ಸಲ ಬಿ.ಪಿ. ಇಳಿಯುವ ಮೊದಲೇ, ಜ್ವರ ಏರುವ ಮೊದಲೇ ಉಸಿರು ಸುಳಿವು ಕೊಡುತ್ತದೆ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನಲ್ಲಂತೂ ಇದನ್ನು ಕಾಯುತ್ತಲೇ ಇರಬೇಕು.

ನನಗೆ ಇದನ್ನು ಕಲಿಸಿದ್ದು ಒಬ್ಬರು ವಾರ್ಡ್ ಸಿಸ್ಟರ್. ನಾಡಿ ನೋಡಲು ರೋಗಿಯ ಮಣಿಕಟ್ಟು ಹಿಡಿ. ನಾಡಿ ಎಣಿಸಿ ಮುಗಿದರೂ ಕೈ ಬಿಡಬೇಡ. ಇನ್ನೂ ನಾಡಿ ನೋಡುತ್ತಿರುವ ಹಾಗೆಯೇ ನಿಂತು, ಎದೆ ಏರುವುದನ್ನು ನೋಡು. ಉಸಿರು ಎಣಿಸುತ್ತೇನೆ ಅಂತ ಗೊತ್ತಾದರೆ ಮನುಷ್ಯ ಬೇರೆ ಥರ ಉಸಿರಾಡುತ್ತಾನೆ. ಹೊದಿಕೆ ದಪ್ಪ ಇದ್ದರೆ ಅವರ ಕೈಯನ್ನೇ ಎದೆಯ ಮೇಲೆ ಮಡಚಿಟ್ಟು ಹಿಡಿದುಕೋ, ಕೈ ಏರಿಳಿಯುವುದು ಕಾಣುತ್ತದೆ. ನೀನೂ ಇದನ್ನು ನರ್ಸಿಂಗ್ ಫೌಂಡೇಶನ್ ಲ್ಯಾಬಿನಲ್ಲಿ ಮಾಡಿರುತ್ತೀಯ. ಲ್ಯಾಬಿನಲ್ಲಿ 14 ಬೆಡ್ ಇರಲಿಲ್ಲ, ಅಷ್ಟೇ.

ಈಗ ಆ ಅರ್ಧ ಗಂಟೆಯ ಲೆಕ್ಕ ಹಾಕೋಣ. ನಾಡಿಗೆ ಒಂದು ನಿಮಿಷ, ಉಸಿರಿಗೆ ಒಂದು, ಬಿ.ಪಿ.ಗೆ ಎರಡು, ಟೆಂಪರೇಚರ್ ನೋಡಿ ಕೈ ಒರೆಸಿಕೊಂಡು ಬರೆದು ಮುಂದಿನ ಬೆಡ್‌ಗೆ ಹೋಗಲು ಇನ್ನೊಂದು. ಒಬ್ಬರಿಗೆ ಐದು ನಿಮಿಷ ಆಯಿತು. 14 ಜನಕ್ಕೆ 70 ನಿಮಿಷ. ನಿನಗೆ ಸಿಕ್ಕಿದ್ದು 30. ಆ ಕೆಲಸ ನಿನ್ನಿಂದ ಮಾತ್ರ ಅಲ್ಲ, ನನ್ನಿಂದಲೂ ಆಗುತ್ತಿರಲಿಲ್ಲ. ಆಗದ ಕೆಲಸ ಆಗಲಿಲ್ಲ, ಅದು ನಿನ್ನ ತಪ್ಪಲ್ಲ. ಆಗಿದೆ ಅಂತ ಬರೆದೆಯಲ್ಲ, ಅದು ತಪ್ಪು. ‘ಸಿಸ್ಟರ್, ಆರು ಬೆಡ್ ಆಗಿದೆ, ಎಂಟು ಬಾಕಿ’ ಅಂದಿದ್ದರೆ ಅವರು ರೇಗುತ್ತಿದ್ದರು. ರೇಗಲಿ. ಉಸಿರಿನ ಜಾಗ ಖಾಲಿ ಬಿಟ್ಟಿದ್ದರೂ ಸಾಕಿತ್ತು. ಖಾಲಿ ಇದ್ದರೆ ಡಾಕ್ಟರ್ ‘ಇದನ್ನು ಯಾಕೆ ನೋಡಿಲ್ಲ’ ಅಂತ ಕೇಳುತ್ತಾರೆ. ‘20’ ಇದ್ದರೆ ಮುಂದಿನ ಬೆಡ್‌ಗೆ ಹೋಗುತ್ತಾರೆ.

ರೂಮ್‌ಮೇಟ್ ಮಾತು ನನಗೆ ಆಶ್ಚರ್ಯ ತರಲಿಲ್ಲ. ನಾನೂ ಸುಮ್ಮನಿದ್ದವಳೇ. ಎರಡನೇ ವರ್ಷದಲ್ಲಿ ಮಕ್ಕಳ ವಾರ್ಡಿನ ನೈಟ್ ಡ್ಯೂಟಿ. 2 ಗಂಟೆಗೆ ಒಂದು ಮಗುವಿನ ಜ್ವರ ನೋಡಬೇಕಿತ್ತು. ಆಗಷ್ಟೇ ನಿದ್ದೆ ಹತ್ತಿತ್ತು, ಎಬ್ಬಿಸಲು ಮನಸ್ಸಾಗಲಿಲ್ಲ. 10 ಗಂಟೆಯ ಅಂಕಿಯನ್ನೇ ಮತ್ತೆ ಬರೆದೆ. ಮಗುವಿಗೆ ಏನೂ ಆಗಲಿಲ್ಲ, ಮೂರು ದಿನಕ್ಕೆ ಮನೆಗೆ ಹೋಯಿತು. ನಾನು ಯಾರಿಗೂ ಹೇಳಲಿಲ್ಲ. ಆಮೇಲೆ ಎಷ್ಟು ವರ್ಷ ಕೆಲಸ ಮಾಡಿದೆ, ಎಷ್ಟು ಬ್ಯಾಚ್‌ಗೆ ಪಾಠ ಹೇಳಿದೆ. ಆ ಬೆಡ್ ಮಾತ್ರ ಇವತ್ತಿಗೂ ಕಣ್ಣೆದುರಿಗಿದೆ. ಕಿಟಕಿ ಪಕ್ಕ, ಕೆಳಗೆ ಚಾಪೆಯ ಮೇಲೆ ತಾಯಿ, ತಲೆದಿಂಬಿನ ಹತ್ತಿರ ಅರ್ಧ ಕುಡಿದ ಹಾಲಿನ ಲೋಟ. ಹೇಳಿಬಿಟ್ಟಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ನೀನು ಹೀಗೆ ಹೊತ್ತುಕೊಂಡು ತಿರುಗುವುದು ನನಗೆ ಬೇಡ.

ಹೇಗೆ ಹೇಳಬೇಕು ಅಂದರೆ, ಡ್ಯೂಟಿ ಮುಗಿದ ಮೇಲೆ ಆ ಮೇಡಂ ಒಬ್ಬರೇ ಇರುವಾಗ ಹೋಗು. ಸ್ಟಾಫ್ ರೂಮಿನಲ್ಲಿ ಹತ್ತು ಜನರ ಎದುರು ಬೇಡ. ‘ಮೇಡಂ, ಅವತ್ತು 9ನೇ ಬೆಡ್‌ನ ಉಸಿರು ನಾನು ಎಣಿಸಿರಲಿಲ್ಲ, ಸುಮ್ನೆ 20 ಬರೆದೆ. ಉಳಿದ 13 ಬೆಡ್‌ಗೂ ಹಾಗೇ ಮಾಡಿದೆ. ಅರ್ಧ ಗಂಟೆ ಇತ್ತು.’ ಇಷ್ಟು ಸಾಕು. ಸೀನಿಯರ್‌ಗಳ ಹೆಸರು ಎತ್ತಬೇಡ, ಸಿಸ್ಟರ್ ಮೇಲೂ ಹಾಕಬೇಡ. ಅರ್ಧ ಗಂಟೆಯ ಮಾತು ಮಾತ್ರ ಬಿಡಬೇಡ, ಅದು ನೆಪ ಅಲ್ಲ. ಓದುವ ಹುಡುಗಿಯೊಬ್ಬಳಿಗೆ ಇಡೀ ಸಾಲಿನ ಕೆಲಸ ಹೊರಿಸುತ್ತಿದ್ದಾರೆ ಅಂತ ಅವರಿಗೆ ಗೊತ್ತಾಗಬೇಕು. ನಾಳೆ ಅದೇ ಜಾಗದಲ್ಲಿ ಇನ್ನೊಂದು ಹುಡುಗಿ ನಿಂತಿರುತ್ತಾಳೆ.

ಒಂದು ಎಚ್ಚರಿಕೆ. ಹಳೆಯ ಚಾರ್ಟ್ ಹುಡುಕಿ ತಿದ್ದಲು ಹೋಗಬೇಡ. ವೈಟ್ನರ್ ಅಂತೂ ಮುಟ್ಟಲೇಬೇಡ. ಕೇಸ್ ಶೀಟ್‌ನಲ್ಲಿ ತಪ್ಪು ಬರೆದರೆ, ಹಳೆಯದು ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ತಾರೀಖು ಹಾಕಿ ಸಹಿ ಮಾಡೋದು ಕ್ರಮ. ಮೂರು ವಾರದ ಹಿಂದಿನದ್ದಕ್ಕೆ ಏನು ಮಾಡಬೇಕು ಅಂತ ಮೇಡಂ ಮತ್ತು ಇನ್‌ಚಾರ್ಜ್ ಸಿಸ್ಟರ್ ಹೇಳಲಿ. ಅಜ್ಜನಿಗೋ ಅವರ ಮನೆಯವರಿಗೋ ನೀನೊಬ್ಬಳೇ ಹೋಗಿ ಹೇಳುವುದೂ ಬೇಡ. ಅದನ್ನೂ ಅವರೇ ತೀರ್ಮಾನಿಸಲಿ.

ಬೈಯುತ್ತಾರೆ. ಬರೆದುಕೊಡು ಅನ್ನಬಹುದು. ಪ್ರಿನ್ಸಿಪಾಲ್‌ವರೆಗೂ ಹೋಗಬಹುದು. ಏನೂ ಆಗುವುದಿಲ್ಲ ಅಂತ ನಾನು ಮಾತು ಕೊಡಲಾರೆ. ಆದರೆ ಇಷ್ಟು ಹೇಳಬಲ್ಲೆ: ತಾನಾಗಿ ಬಂದು ಹೇಳಿದ ಹುಡುಗಿಯರನ್ನು ನಾನು ಬೈದಿದ್ದೇನೆ, ಆಮೇಲೆ ಕಷ್ಟದ ಪೇಷಂಟ್‌ಗಳನ್ನು ಧೈರ್ಯವಾಗಿ ಅವರ ಕೈಗೇ ಒಪ್ಪಿಸಿದ್ದೇನೆ.

ಇನ್ನು ನಾಲ್ಕು ದಿನದ ರಜೆ. ಪರೀಕ್ಷೆಗೆ ಕೂರಲು ಥಿಯರಿಯಲ್ಲೂ ಪ್ರಾಕ್ಟಿಕಲ್‌ನಲ್ಲೂ 80% ಹಾಜರಿ ಸಾಕು. ಆದರೆ ಡಿಗ್ರಿ ಕೈಗೆ ಬರಬೇಕಾದರೆ ಕ್ಲಿನಿಕಲ್, ಅಂದರೆ ವಾರ್ಡ್ ಡ್ಯೂಟಿಯ ಹಾಜರಿ, ಪೂರ್ತಿ 100% ಆಗಿರಬೇಕು. ಹಾಗಾಗಿ ಆ ನಾಲ್ಕು ದಿನ ಎಲ್ಲೂ ಹೋಗುವುದಿಲ್ಲ, ಮುಂದೆ ಮಾಡಲೇಬೇಕು. ಇದನ್ನೂ ಮೇಡಂ ಹತ್ತಿರ ಅದೇ ದಿನ ಮಾತಾಡಿಬಿಡು.

ಲಾಯಕ್ಕಿನ ಮಾತಿಗೆ ಬರುತ್ತೇನೆ. ಮಂಡ್ಯ ಕಡೆಯ ಅಜ್ಜಿಯೊಬ್ಬರು ‘ಮೇಲುಸ್ರು ಬತ್ತದೆ ಕಣವ್ವ’ ಅಂದರೆ ನಿನಗೆ ತಕ್ಷಣ ಅರ್ಥವಾಗುತ್ತದೆ. ಪುಸ್ತಕದಲ್ಲಿ ಅದಕ್ಕೊಂದು ಇಂಗ್ಲಿಷ್ ಪದ ಇದೆ, ಅದನ್ನು ಕಲಿಯಬಹುದು. ಆ ಅಜ್ಜಿಯ ಮಾತು ಕಿವಿಗೆ ಬೀಳುವುದನ್ನು ಯಾವ ಸೆಮಿಸ್ಟರ್‌ನಲ್ಲೂ ಕಲಿಸುವುದಿಲ್ಲ. ಕೋರ್ಸ್ ಬಿಡುವ ಯೋಚನೆಯನ್ನು ಮುಂದಿನ ವಾರ್ಡ್ ಪೋಸ್ಟಿಂಗ್ ಮುಗಿಯುವವರೆಗೆ ಪಕ್ಕಕ್ಕಿಡು. ಆಗಲೂ ಹೀಗೇ ಅನ್ನಿಸಿದರೆ ಅಪ್ಪನ ಜೊತೆ ಕೂತು ಮಾತಾಡು. ಸರ ಅಡವಿಟ್ಟದ್ದಕ್ಕಾಗಿ ಓದಬೇಡ, ಹೆದರಿಕೊಂಡು ಬಿಡಲೂಬೇಡ.

ಮೂರು ವಾರದಿಂದ ನಿದ್ದೆ ಇಲ್ಲ ಅಂದೆಯಲ್ಲ, ಅದನ್ನು ಹಗುರವಾಗಿ ತಗೋಬೇಡ. 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್. ದುಡ್ಡು ಬೇಡ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ರಾತ್ರಿ ಹೊಟ್ಟೆಯಲ್ಲಿ ಸಂಕಟ ಶುರುವಾದಾಗ ಮೊಬೈಲ್ ನೋಡುತ್ತಾ ಮಲಗುವ ಬದಲು ಅಲ್ಲಿಗೆ ಮಾಡು.

ಅಜ್ಜ ಇನ್ನೂ ಅಲ್ಲೇ ಇದ್ದಾರೆ ಅಂದೆ. ಅವರನ್ನು ತಪ್ಪಿಸಿಕೊಂಡು ಓಡಾಡಬೇಡ. ಮಧ್ಯಾಹ್ನದ ಡ್ಯೂಟಿ ಬಿದ್ದರೆ ಅವರ ವೈಟಲ್ಸ್ ನೀನೇ ಕೇಳಿ ತಗೋ. ಮಣಿಕಟ್ಟು ಹಿಡಿದು ಪೂರ್ತಿ ನಿಮಿಷ ನಿಲ್ಲು. ‘ಊಟ ಆಯ್ತಾ’ ಅಂತ ಕೇಳಿದರೆ ಎಣಿಸಿ ಮುಗಿದ ಮೇಲೆ ಉತ್ತರ ಕೊಡು. ಮೇಡಂಗೆ ಹೇಳಿ ಬಂದ ದಿನ ನನಗೆ ಎರಡು ಸಾಲು ಬರೆ. ಅಜ್ಜನ ಕಾಲು ಹೇಗಿದೆ ಅಂತಲೂ ಬರೆ.