ಎಣ್ಣೆ ಬಟ್ಟಲಿನ ಭಯ

ಹಾಸನದ ಓದುಗರೊಬ್ಬರು ಸಿಟ್ಟಿನಿಂದಲೇ ಬರೆದಿದ್ದಾರೆ: ‘ತಮಿಳಿನ “ಬಾರಂ” ಚಿತ್ರವನ್ನು ಹಾರರ್ ಅಂದಿರಿ. ಅದರಲ್ಲಿ ದೆವ್ವ ಎಲ್ಲಿದೆ? ಹಾಸಿಗೆ ಹಿಡಿದ ಅತ್ತೆಯನ್ನು ಆರು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ರಾತ್ರಿ ಎರಡು ಸಲ ಎದ್ದು ಮಗ್ಗುಲು ಬದಲಿಸುತ್ತೇನೆ. ನಮ್ಮಂಥವರನ್ನೆಲ್ಲ ಕೊಲೆಗಾರರ ಸಾಲಿಗೆ ಸೇರಿಸುತ್ತೀರಾ?’

ಖಂಡಿತ ಇಲ್ಲ. ದೆವ್ವ ಇಲ್ಲ ಅನ್ನುವುದೂ ನಿಜ. ಆದರೆ ಎಣ್ಣೆ ಬಟ್ಟಲು ಇದೆಯಲ್ಲ.

ತಮಿಳುನಾಡಿನ ಮದುರೈ, ತೇನಿ, ವಿರುದುನಗರದ ಕಡೆ ಗುಟ್ಟಾಗಿ ನಡೆದುಬಂದ ‘ತಲೈಕೂತ್ತಲ್’ ಈ ಚಿತ್ರದ ವಸ್ತು. ಏಳಲಾಗದ ಮುದುಕರಿಗೆ ಮನೆಯವರೇ ಬೆಳಗಿನ ಜಾವ ಮೈತುಂಬ ಎಣ್ಣೆ ಹಚ್ಚಿ ತಣ್ಣೀರು ಹೊಯ್ಯುತ್ತಾರೆ. ಮೇಲಿಂದ ಮೇಲೆ ಎಳನೀರು ಕುಡಿಸುತ್ತಾರೆ. ಜ್ವರ ಏರಿ ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ. ಊರಿನ ಕಣ್ಣಿಗೆ ಅದು ವಯಸ್ಸಾಗಿ ಬಂದ ಸಾವು, ಅಷ್ಟೇ. ಹಬ್ಬದ ದಿನ ಅಮ್ಮ ನಮ್ಮ ನೆತ್ತಿಗೆ ತಟ್ಟುತ್ತಿದ್ದದ್ದೂ ಎಣ್ಣೆಯನ್ನೇ ಅಲ್ವಾ? ಪಾಳುಬಂಗಲೆ, ಕಿರುಗುಟ್ಟುವ ಬಾಗಿಲಿಗಿಂತ ಇದು ನನ್ನನ್ನು ಜಾಸ್ತಿ ಹೆದರಿಸಿತು. ಅದಕ್ಕೇ ಹಾರರ್ ಅಂದೆ.

ಪ್ರಿಯಾ ಕೃಷ್ಣಸ್ವಾಮಿ 2018ರಲ್ಲಿ ಮಾಡಿದ ಈ ಚಿತ್ರಕ್ಕೆ ಅತ್ಯುತ್ತಮ ತಮಿಳು ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ರಾತ್ರಿ ಕಾವಲುಗಾರ ಕರುಪ್ಪಸಾಮಿ ಸೊಂಟ ಮುರಿದುಕೊಳ್ಳುತ್ತಾನೆ. ಮಗ ಊರಿಗೆ ಕರೆದೊಯ್ಯುತ್ತಾನೆ. ಸ್ವಲ್ಪ ದಿನಕ್ಕೇ ಸಾವಿನ ಸುದ್ದಿ. ಹೆಸರಿನ ಅರ್ಥ ನಮ್ಮ ‘ಭಾರ’ವೇ.

2019ರ ‘ಕೆ.ಡಿ.’ ಅನ್ನುವ ತಮಿಳು ಚಿತ್ರದಲ್ಲಿ ಇದೇ ಸಂಗತಿ ನಗುವಿನ ದಾರಿ ಹಿಡಿಯಿತು. ಕೋಮಾದಿಂದ ಎದ್ದ ಅಜ್ಜ ಮಕ್ಕಳ ಮಾತು ಕೇಳಿಸಿಕೊಂಡು ಓಡಿಹೋಗುತ್ತಾನೆ, ಬಿರಿಯಾನಿ ತಿನ್ನುತ್ತಾನೆ! ಚೆನ್ನಾಗಿದೆ. ಆದರೆ ನನಗೆ ಸ್ವಲ್ಪ ಸಿಹಿ ಜಾಸ್ತಿಯಾಯಿತು.

ನಿಮ್ಮ ದೂರಿನಲ್ಲಿ ಒಂದು ಮಾತು ಮಾತ್ರ ನನಗೆ ನಾಟಿತು. ಇಂಥ ಕಥೆಗಳಲ್ಲಿ ಮುದುಕರ ಭಯ ಕಾಣುತ್ತದೆ, ಮಕ್ಕಳ ಲೆಕ್ಕಾಚಾರ ಕಾಣುತ್ತದೆ. ಬಟ್ಟೆ ಬದಲಿಸುವ ಕೈ ಮಾತ್ರ ಕಾಣುವುದು ಅಪರೂಪ. 2023ರ ‘ತಲೈಕೂತ್ತಲ್’ ಅನ್ನುವ ಚಿತ್ರ ಆ ಕಡೆ ಒಂದಿಷ್ಟು ತಿರುಗಿತು. ಪ್ರಜ್ಞೆ ಇಲ್ಲದ ತಂದೆಯನ್ನು ಮನೆಯವರ ಒತ್ತಾಯದ ನಡುವೆಯೂ ಮಗ ನೋಡಿಕೊಳ್ಳುತ್ತಾನೆ. ಸಮುದ್ರಕನಿ ಆ ಪಾತ್ರ ಮಾಡಿದ್ದಾರೆ. ಆದರೆ ಅಲ್ಲಿಯೂ ಸೇವೆ ಮಾಡುವವನು ಮಗ, ಸೊಸೆಯಲ್ಲ.

ಹಾಗಾಗಿ ಒಂದು ಕೋರಿಕೆ. ರಾತ್ರಿ ಎದ್ದು ಅತ್ತೆಯ ಮಗ್ಗುಲು ಬದಲಿಸುವಾಗ ನಿಮಗೆ ಏನೇನು ಅನ್ನಿಸುತ್ತದೋ ಅದನ್ನು ಬರೆದು ಕಳಿಸಿ, ಬೇಸರ, ಸಿಟ್ಟು ಎಲ್ಲ ಸೇರಿಸಿ. ಹೆಸರು ಹಾಕದೆ ಅಚ್ಚು ಮಾಡುತ್ತೇವೆ.

– ಸಂ.