ಗ್ಯಾರೇಜ್‌ನಲ್ಲಿ ಬೈಪ್ಲೇನ್: ಮೊದಲು ಒಂದು ರಿಬ್ ಕಟ್ಟಿ, ಮುರಿದು ನೋಡಿ

ಪ್ರಶ್ನೆ: ನಾವು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದೇವೆ. ಹೋದ ಜುಲೈನಲ್ಲಿ ಆಷ್‌ಕಾಷ್ ವಿಮಾನ ಮೇಳಕ್ಕೆ ಹೋಗಿ ಬಂದಾಗಿನಿಂದ ತಲೆಯಲ್ಲಿ ಒಂದೇ ಯೋಚನೆ. ತೆರೆದ ಕಾಕ್‌ಪಿಟ್‌ನ ಸರಳ ಬೈಪ್ಲೇನ್ (ಒಂದರ ಮೇಲೊಂದು ಎರಡು ಸಾಲು ರೆಕ್ಕೆ ಇರುವ ವಿಮಾನ) ಒಂದನ್ನು ನಾನೇ ಕಟ್ಟಬೇಕು. ಎರಡು ಕಾರಿನ ಗ್ಯಾರೇಜ್ ಇದೆ. ಮರಗೆಲಸ ಸ್ವಲ್ಪ ಬರುತ್ತದೆ, ವೆಲ್ಡಿಂಗ್ ಬರುವುದಿಲ್ಲ. ವಿನ್ಯಾಸವನ್ನೂ ನಾನೇ ಮಾಡಿಕೊಳ್ಳಲೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ವಿನ್ಯಾಸ ಮಾತ್ರ ಬೇಡ, ದಯವಿಟ್ಟು. ನಿಮ್ಮದೇ ರಾಜ್ಯದ ಜಾನ್ ಹ್ಯಾಟ್ಜ್ ರೂಪಿಸಿದ ಸಿಬಿ-1 ಬೈಪ್ಲೇನ್ 1968ರಲ್ಲೇ ಹಾರಿತ್ತು. ಹಿಂದೆ ಮುಂದೆ ಎರಡು ಸೀಟು, ಮರದ ರೆಕ್ಕೆ, ಸ್ಟೀಲ್ ಕೊಳವೆಯ ಒಡಲು, ಮೇಲೆ ಬಟ್ಟೆ. ಅದರ ನಕ್ಷೆ ಹಿಡಿದು ಎಷ್ಟೋ ಜನ ಕಟ್ಟಿ ಹಾರಿಸಿದ್ದಾರೆ. ಅಂಥ ನಕ್ಷೆ ತೆಗೆದುಕೊಳ್ಳಿ, ಅದರಲ್ಲಿ ಇದ್ದಂತೆಯೇ ಕಟ್ಟಿ. ಸೀಟು ಸ್ವಲ್ಪ ಹಿಂದಕ್ಕೆ, ಇಂಜಿನ್ ಸ್ವಲ್ಪ ಭಾರದ್ದು ಅಂತ ಬದಲಾಯಿಸುತ್ತಾ ಹೋದರೆ ವಿಮಾನದ ತೂಕದ ಸಮತೋಲನವೇ ಜರುಗುತ್ತದೆ. ವೆಲ್ಡಿಂಗ್ ಬೇಡವೇ ಬೇಡ ಅನ್ನುವುದಾದರೆ ಫಿಶರ್ ಸೆಲೆಬ್ರಿಟಿ ಎಂಬ ಬೈಪ್ಲೇನ್ ಇದೆ, ಅದರ ಒಡಲೂ ಮರದ್ದೇ. ಆದರೆ ವೆಲ್ಡಿಂಗ್ ಕಲಿಯುವುದು ಕಷ್ಟವಲ್ಲ. ಆಷ್‌ಕಾಷ್ ಮೇಳ ನಡೆಸುವ ಇಎಎ ಸಂಸ್ಥೆಯ ಕಾರ್ಯಾಗಾರಗಳಲ್ಲಿ ಅದನ್ನೂ ಬಟ್ಟೆ ಹೊದಿಸುವುದನ್ನೂ ಕಲಿಸುತ್ತಾರೆ.

ಜಾಗ ಸಾಕು. ಬೈಪ್ಲೇನ್‌ನಲ್ಲಿ ಕೆಲಸ ಜಾಸ್ತಿ, ರೆಕ್ಕೆಗಳು ನಾಲ್ಕು ತುಂಡು. ಆದರೆ ಒಂದೊಂದೂ ಚಿಕ್ಕದು, ಗೋಡೆಗೆ ಒರಗಿಸಿಡಬಹುದು. ಮೇಲಿನ ಕೆಳಗಿನ ರೆಕ್ಕೆಗಳನ್ನು ಕಂಬ ಮತ್ತು ತಂತಿ ಸೇರಿ ಒಂದು ಪೆಟ್ಟಿಗೆಯ ಹಾಗೆ ಬಿಗಿಯುತ್ತವೆ. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗದಂತೆ ಫ್ಲೈಯಿಂಗ್ ವೈರ್ ಹಿಡಿಯುತ್ತದೆ, ನೆಲದಲ್ಲಿರುವಾಗ ಲ್ಯಾಂಡಿಂಗ್ ವೈರ್ ಭಾರ ಹೊರುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಇಂಜಿನ್ ಕೊಳ್ಳಬೇಡಿ, ಅದು ಕೊನೆಗೆ. ರೆಕ್ಕೆಯ ಒಂದು ರಿಬ್‌ಗೆ, ಅಂದರೆ ರೆಕ್ಕೆಗೆ ಆಕಾರ ಕೊಡುವ ಪಕ್ಕೆಲುಬಿನಂಥ ಚೌಕಟ್ಟಿಗೆ, ಬೇಕಾಗುವಷ್ಟು ಸ್ಪ್ರೂಸ್ ಮರದ ಕಡ್ಡಿ, ತೆಳು ಪ್ಲೈವುಡ್, ಎಪಾಕ್ಸಿ ಅಂಟು ತನ್ನಿ. ಹಲಗೆಯ ಮೇಲೆ ರಿಬ್ಬಿನ ಆಕಾರ ಬರೆದು, ಗೆರೆಗುಂಟ ಮರದ ಚೂರು ಹೊಡೆದು ಜಿಗ್ (ಕಡ್ಡಿಗಳನ್ನು ಆಕಾರದಲ್ಲಿ ಹಿಡಿದಿಡುವ ಅಚ್ಚು) ಮಾಡಿಕೊಳ್ಳಿ. ಅಂಟು ಹಲಗೆಗೆ ಹಿಡಿಯದಂತೆ ಮೇಣದ ಕಾಗದ ಹಾಸಿ. ಮರ ಆರಿಸುವಾಗ ಎಳೆ ನೋಡಿ, 15 ಇಂಚು ಉದ್ದಕ್ಕೆ ಅದು 1 ಇಂಚಿಗಿಂತ ಜಾಸ್ತಿ ಓರೆ ಹೋಗಿರಬಾರದು. ಮಳಿಗೆಯವರು ವಿಮಾನಕ್ಕೇ ಅಂತ ಮಾರಿದ ಕಡ್ಡಿಗಳಲ್ಲೂ ನನಗೆ ಓರೆ ಎಳೆಯವು ಸಿಕ್ಕಿವೆ, ಹಾಗಾಗಿ ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ನೋಡುತ್ತೇನೆ.

ಅಂಟಿಸಿದ ಕೂಡುಗಳ ಮಾದರಿಗಳನ್ನೂ ಮಾಡಿ, ಗಟ್ಟಿಯಾದ ಮೇಲೆ ಮುರಿಯಿರಿ. ಮರ ಹರಿದು ಬರಬೇಕು, ಅಂಟು ಬಿಡಬಾರದು. ನನ್ನ ಮೊದಲ ತುಂಡು ಟಕ್ ಅಂತ ಬಿಟ್ಟಿತು. ನೋಡಿದರೆ ಎರಡೂ ಮುಖ ನುಣ್ಣಗಿತ್ತು, ಒಂದು ನಾರೂ ಕಿತ್ತಿರಲಿಲ್ಲ. ಮರಗೆಲಸದ ಅಭ್ಯಾಸದಲ್ಲಿ ಕ್ಲಾಂಪನ್ನು ಶಕ್ತಿಯೆಲ್ಲ ಹಾಕಿ ಬಿಗಿದಿದ್ದೆ, ಎಪಾಕ್ಸಿಯೆಲ್ಲ ಹೊರಗೆ ಹಿಂಡಿ ಹೋಗಿತ್ತು. ಅದಕ್ಕೆ ಸುಮ್ನೆ ಹಿಡಿದುಕೊಳ್ಳುವಷ್ಟು ಒತ್ತಡ ಸಾಕು. ಇದು ರೆಕ್ಕೆಯೊಳಗೆ ಆಗಿದ್ದರೆ ಬಟ್ಟೆ ಹೊದಿಸಿದ ಮೇಲೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅದಕ್ಕೇ ಬಟ್ಟೆ ಹೊದಿಸುವ ಮೊದಲು ಇಎಎಯ ತಾಂತ್ರಿಕ ಸಲಹೆಗಾರರನ್ನು ಕರೆಸಿ ತೋರಿಸಿ. ಅವರು ಸ್ವಯಂಸೇವಕರು, ಸಂತೋಷವಾಗಿ ಬರುತ್ತಾರೆ.

ಪ್ರತಿ ದಿನದ ಕೆಲಸದ ಫೋಟೋ ತೆಗೆದು ಬರೆದಿಡಿ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಕಲಿಕೆಗೆ, ಖುಷಿಗೆ ಅಂತ ಮಾಡಿದ್ದಾರೆ ಎಂದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಗೆ ತೋರಿಸಬೇಕು. ಸಾಮಾನ್ಯವಾಗಿ ಮೊದಲ 25 ಅಥವಾ 40 ಗಂಟೆ ಪರೀಕ್ಷಾ ಹಾರಾಟ. ಆಗ ಮನೆಯವರನ್ನು ಕೂರಿಸಿಕೊಂಡು ಹೋಗುವಂತಿಲ್ಲ, ಇದನ್ನು ಅವರಿಗೆ ಈಗಲೇ ಹೇಳಿಬಿಡಿ. ಬಾಲದಲ್ಲಿ ಚಕ್ರವಿರುವ ವಿಮಾನ ಇಳಿಸುವುದನ್ನು ತರಬೇತುದಾರರ ಜೊತೆ ಮುಂಚೆಯೇ ಕಲಿಯಿರಿ.

ಪ್ರಶ್ನೆ: ನಾನು ಹುಬ್ಬಳ್ಳಿಯ ಇಂಜಿನಿಯರಿಂಗ್ ವಿದ್ಯಾರ್ಥಿ. ನಮ್ಮ ದೇಶದಲ್ಲಿ ಇದು ಸಾಧ್ಯವೇ?

ಉತ್ತರ: ಸಾಧ್ಯ, ಆದರೆ ದಾರಿ ಉದ್ದ. ಮುಂಬೈನ ಪೈಲಟ್ ಅಮೋಲ್ ಯಾದವ್ ಅಪಾರ್ಟ್‌ಮೆಂಟ್ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿದರು, 2016ರಲ್ಲಿ ಅದನ್ನು ಜನರ ಮುಂದಿಟ್ಟರು. ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯಿಂದ ಹಾರಾಟದ ಪರವಾನಗಿ ಬಂದದ್ದು 2019ರಲ್ಲಿ. ಹಾಗಾಗಿ ನೀವು ಡಿಜಿಸಿಎ ನಿಯಮಗಳನ್ನು ಕೂತು ಓದಿ. ಜೊತೆಗೆ ಬಾಲ್ಸಾ ಮರದಲ್ಲಿ ಒಂದು ಮಾದರಿ ಬೈಪ್ಲೇನ್ ಕಟ್ಟಿ, ಮೇಲೆ ಹೇಳಿದ ಹಾಗೆ ಅದರ ಕೂಡುಗಳನ್ನೂ ಮುರಿದು ನೋಡಿ. ಮುರಿದ ತುಂಡಿನ ಫೋಟೋ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಅದನ್ನೇ ಇಟ್ಟುಕೊಂಡು ಮಾತಾಡೋಣ.